ಹತ್ತಕ್ಕೆ ಮೂರು

“ಹತ್ತಕ್ಕೆ ಮೂರು ಅಂದ್ರೆ ಅದು ಎಷ್ಟು ನೋವಪ್ಪಾ?”

ಗಂಗಾಂಬಿಕಮ್ಮ ಕೇಳಿದ್ದು ಯಾರನ್ನೂ ಅಲ್ಲ. ಆರೋಗ್ಯ ಕೇಂದ್ರದ ಅಳತೆಯ ಕುರ್ಚಿಯಿಂದ ಇಳಿದು, ಮಗಳ ತೋಳು ಹಿಡಿದು ನಿಂತು, ಎದುರಿಗಿದ್ದ ಬಿಳಿ ಗೋಡೆಗೆ ಕೇಳಿದ ಹಾಗಿತ್ತು. ಸಿಸ್ಟರ್ ಸ್ಟೆಲ್ಲಾ ನೋವು ಅಳೆಯುವ ತಲೆಪಟ್ಟಿಯನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸುತ್ತ, ಕೇಳಿಸದವರಂತೆ ತಲೆ ತಗ್ಗಿಸಿದರು. ಕೇಳಿಸಿದ್ದು ಮಗಳು ಶಾಂಭವಿಗೆ. ಉತ್ತರ ಹೇಳಬೇಕಾದವಳೂ ಅವಳೇ. ರಾಜ್ಯದ ಎಲ್ಲ ತಲೆಪಟ್ಟಿಗಳೂ ಸರಿಯಾಗಿ ಅಳೆಯುತ್ತಿವೆಯೇ ಎಂದು ನೋಡಿಕೊಳ್ಳುವ ಬೆಂಗಳೂರಿನ ಕೇಂದ್ರದಲ್ಲಿ ಅವಳಿಗೆ ಕೆಲಸ. ದೊಡ್ಡಬಳ್ಳಾಪುರದಿಂದ ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದಳು.

ಬೇಕಾಗಿದ್ದದ್ದು ಆರು. ಕುರ್ಚಿಯಲ್ಲಿ ಕೂರುವ ಹತ್ತು ನಿಮಿಷದಲ್ಲಿ ಒಂದು ನಿಮಿಷವಾದರೂ ಅಂಕ ಆರರ ಮೇಲೆ ನಿಂತರೆ, ಬೆನ್ನಿಗೆ ಅಂಟಿಸುವ ಔಷಧದ ಪ್ಯಾಚು ಅವತ್ತೇ ಕೈಗೆ ಸಿಗುತ್ತದೆ. ಎದೆಯಲ್ಲಿ ಹುಟ್ಟಿದ ಕ್ಯಾನ್ಸರು ಸೊಂಟದ ಮೂಳೆಗೂ ಬೆನ್ನಿನ ಮಣಿಗಳಿಗೂ ಇಳಿದು, ಇನ್ನು ಮಾಡುವುದೇನೂ ಇಲ್ಲ, ನೋವಿಲ್ಲದ ಹಾಗೆ ನೋಡಿಕೊಳ್ಳಿ ಎಂದು ದೊಡ್ಡಾಸ್ಪತ್ರೆಯವರು ಕೈಬಿಟ್ಟ ಹೆಂಗಸಿಗೆ ಆರು ಬರದೇ ಇರುತ್ತದೆಯೇ ಎಂದುಕೊಂಡೇ ಶಾಂಭವಿ ಕರೆತಂದಿದ್ದಳು. ಮೂರು ಬಂತು.

ಹೊರಗೆ ಬೆಂಚಿನ ಮೇಲೆ ಸರದಿಗೆ ಕೂತವರಲ್ಲಿ ಮಂಡಿ ನೋವಿನ ಒಬ್ಬ ಯಜಮಾನರು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. “ಮೊದಲು ಜೋರಾಗಿ ಅತ್ತೋರಿಗೆ ಔಷಧಿ ಸಿಗ್ತಿತ್ತು. ಈಗ ಯಾರ ನಾಟಕಾನೂ ನಡೆಯಲ್ಲ.”

“ನಿಮಗೆಷ್ಟು ಬಂತು?” ಎಂದಳು ಪಕ್ಕದ ಹೂವಿನ ಹೆಂಗಸು.

“ಎರಡೂವರೆ.”

“ಹಾಗಾದ್ರೆ ನಿಮ್ದೂ ನಡೀಲಿಲ್ಲ ಅನ್ನಿ.”

ಬೆಂಚು ನಕ್ಕಿತು. ಗಂಗಾಂಬಿಕಮ್ಮನೂ ನಕ್ಕರು. ನಗುವಾಗ ಮಗಳ ತೋಳಿನಲ್ಲಿ ಅವರ ಉಗುರು ನೆಟ್ಟದ್ದು ಶಾಂಭವಿಗೆ ಮಾತ್ರ ಗೊತ್ತಾಯಿತು.

ಆಟೋದವನು ಮಾತುಗಾರ. ಶಾಂಭವಿಯ ಕೊರಳಿನಲ್ಲಿದ್ದ ಗುರುತಿನ ಚೀಟಿ ಕನ್ನಡಿಯಲ್ಲೇ ಓದಿಕೊಂಡು ಶುರುಮಾಡಿದ. “ಮುಂದಿನ ವಾರ ವಿಧಾನಸಭೇಲಿ ಈ ಅಂಕದ ಕಾನೂನು ತೆಗೀಬೇಕಾ ಬೇಡವಾ ಅಂತ ಗಲಾಟೆ ಅಂತಲ್ಲ ಮೇಡಂ? ನನ್ನ ಕೇಳಿದ್ರೆ ಇರಬೇಕು. ಮೀಟರಿಲ್ಲದ ಆಟೋ ನೀವು ಹತ್ತೀರಾ?” ಹಳ್ಳ ತಪ್ಪಿಸಲು ಹೋಗಿ ಇನ್ನೊಂದು ಹಳ್ಳಕ್ಕೆ ಇಳಿಸಿದ. “ಅಜ್ಜಿಗೆಷ್ಟು ಬಂತು?”

“ಮೂರಪ್ಪಾ,” ಎಂದರು ಗಂಗಾಂಬಿಕಮ್ಮ, ಉಸಿರು ಹಿಡಿದು.

“ದೇವರ ದಯೆ.”

“ಹೂಂ. ದೇವರ ದಯೆ.”

ತಲೆಪಟ್ಟಿಯ ಕೆಲಸ ಹೇಳುವುದಕ್ಕೆ ಸುಲಭ. ಗಾಯ ಎಲ್ಲೇ ಇರಲಿ, ಅದರ ಸುದ್ದಿ ಮಿದುಳಿಗೆ ಹೋಗುತ್ತದೆ. ಸುದ್ದಿ ಮುಟ್ಟಿದ ಮಾತ್ರಕ್ಕೆ ಅದು ನೋವಾಗುವುದಿಲ್ಲ. ಇದು ನನಗೇ ಬಂದದ್ದು ಎಂದು ಅದನ್ನು ಬರಮಾಡಿಕೊಳ್ಳುವ ಜಾಗವೊಂದು ಒಳಗಿದೆ. ಆ ಜಾಗದ ಮಿಡಿತವನ್ನು ಹಣೆಯ ಮೇಲಿಂದ ಹಿಡಿದು ಪಟ್ಟಿ ಅಂಕವನ್ನಾಗಿ ಮಾಡುತ್ತದೆ. ಅದು ಬರುವ ಮುಂಚೆ ಎರಡು ಅನ್ಯಾಯಗಳು ಒಟ್ಟಿಗೆ ನಡೆಯುತ್ತಿದ್ದವು. ಬಲವಾದ ನೋವಿನ ಔಷಧಗಳು ಕಳ್ಳದಾರಿ ಹಿಡಿದು ಎಳೆಯರನ್ನು ತಿನ್ನುತ್ತಿದ್ದವು. ನಿಜವಾಗಿ ನರಳುವವರನ್ನು, ಅದರಲ್ಲೂ ಹೆಂಗಸರನ್ನು, ಗ್ಯಾಸು, ಟೆನ್ಷನ್ನು ಎಂದು ಮನೆಗೆ ಕಳಿಸುತ್ತಿದ್ದರು. ಕಾನೂನು ಎರಡಕ್ಕೂ ಕಡಿವಾಣ ಹಾಕಿತು. ಅಂಕವಿಲ್ಲದೆ ಔಷಧ ಕೊಟ್ಟ ಡಾಕ್ಟರ ಪರವಾನಗಿ ಹೋಗುತ್ತದೆ, ಅಂಕ ಬಂದ ಮೇಲೆ ಕೊಡದವರದೂ ಹೋಗುತ್ತದೆ. ಅಂಕವನ್ನು ತಿದ್ದುವ ಕೈ ಯಾವ ಕೇಂದ್ರದಲ್ಲೂ ಇಲ್ಲ, ಶಾಂಭವಿಗೂ ಇಲ್ಲ. ಅದು ಹಾಗಿರಬೇಕೆಂದು ಟೀವಿಯ ಚರ್ಚೆಗಳಲ್ಲಿ ವಾದಿಸಿದವರಲ್ಲಿ ಅವಳೂ ಒಬ್ಬಳು.

ವಾದಿಸಿದ್ದು ಸುಮ್ಮನೆ ಅಲ್ಲ. ಪಕ್ಕದ ಮನೆಯ ಪದ್ಮಿನಿಯನ್ನು ನೋಡಿಯೇ. ತಿಂಗಳ ಹೊಟ್ಟೆನೋವಿಗೆ ಮುದುರಿಕೊಂಡು ಮಲಗುತ್ತಿದ್ದ ಆ ಹುಡುಗಿಯನ್ನು ಅತ್ತೆ ಕೆಂಪರಾಜಮ್ಮ ಬೀದಿಗೆಲ್ಲ ಕೇಳುವಂತೆ ಸೋಮಾರಿ ಎನ್ನುತ್ತಿದ್ದರು. ಪಟ್ಟಿ ಕಟ್ಟಿದಾಗ ಎಂಟು ಬಂತು. ಆಪರೇಷನ್ನಾಯಿತು. ಈಗ ಕೆಂಪರಾಜಮ್ಮ, “ನಮ್ಮ ಸೊಸೇದು ಎಂಟು, ಗೊತ್ತಾ? ನನ್ನ ಹೆರಿಗೇಲೂ ಅಷ್ಟು ಬರ್ತಿತ್ತೋ ಇಲ್ವೋ,” ಎಂದು ಅದೇ ಬೀದಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಾರೆ.

ಅವತ್ತು ಸಂಜೆ ಪದ್ಮಿನಿ ರಾಗಿ ಗಂಜಿ ತಂದುಕೊಟ್ಟಳು. ಗಂಗಾಂಬಿಕಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಕಣ್ಣು ಮುಚ್ಚಿತ್ತು. ಸೆರಗಿನ ತುದಿ ಮುಷ್ಟಿಯಲ್ಲಿ ಒದ್ದೆಯಾಗಿತ್ತು. ಹಣೆಯ ಬೆವರು ಹುಬ್ಬಿಗಿಳಿದರೂ ಒರೆಸಿಕೊಳ್ಳಲಿಲ್ಲ.

“ಇದು ಮೂರಾ ಅಕ್ಕ?” ಎಂದು ಪದ್ಮಿನಿ ಶಾಂಭವಿಯನ್ನು ಮೆಲ್ಲಗೆ ಕೇಳಿದಳು. “ನಂಗೆ ಎಂಟು ಬಂದ ದಿನ ನಾನು ಹಿಂಗೇ ಇದ್ದೆ.”

ಮಾರನೆಯ ದಿನ ಶಾಂಭವಿ ಕೇಂದ್ರದಲ್ಲಿ ತಾಯಿಯ ದಾಖಲೆ ತೆರೆದಳು. ಅನುಮಾನ ಬಂದ ಅಳತೆಯನ್ನು ಬಿಡಿಸಿ ನೋಡುವುದು ಅವಳ ಕೆಲಸವೇ ಆಗಿತ್ತು. ಗೋಡೆ ತುಂಬ ಪರದೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಆರೋಗ್ಯ ಕೇಂದ್ರ. ಅವುಗಳ ನಡುವೆ ಅಮ್ಮನ ಮಿಡಿತದ ಗೆರೆ ತಣ್ಣಗೆ ಹರಿಯುತ್ತಿತ್ತು. ನಿಜವೇ, ಮೂರು. ಆದರೆ ಗೆರೆಯ ಮೇಲೆ ಸಣ್ಣ ಸಣ್ಣ ಅಲೆಗಳಿದ್ದವು. ಫ್ಯಾನಿನದೋ ವಿದ್ಯುತ್ತಿನದೋ ಗದ್ದಲವಿರಬೇಕೆಂದು ಸೋಸಲು ಹೋದಳು. ಹೋಗಲಿಲ್ಲ. ಹಿಗ್ಗಿಸಿ ನೋಡಿದಳು. ಮೂರು ಅಲೆ, ನಾಲ್ಕು ಅಲೆ. ಮೂರು, ನಾಲ್ಕು. ಮತ್ತೊಮ್ಮೆ ಅಷ್ಟೇ. ಮೂರನೆಯ ಸಲ ಮಾತ್ರ ಹೆಚ್ಚು ಉದ್ದಕ್ಕೆ ಸಾಗಿ, ಕೊನೆಯಲ್ಲೊಂದು ಎಳೆದು ನಿಲ್ಲಿಸಿದಂಥ ದೊಡ್ಡ ಅಲೆ. ಮತ್ತೆ ಮೊದಲಿಂದ.

ಅವಳ ಬೆರಳು ಮೇಜಿನ ಮೇಲೆ ತಾನಾಗಿ ತಟ್ಟತೊಡಗಿತು.

“ಏನ್ ಮೇಡಂ, ತಾಳ ಹಾಕ್ತಿದೀರ?” ಎಂದ ಪಕ್ಕದ ಮೇಜಿನವನು.

ತಾಳವಲ್ಲ. ಭಾಮಿನಿ ಷಟ್ಪದಿ. ಅಮ್ಮ ಕುರ್ಚಿಯಲ್ಲಿ ತುಟಿಯನ್ನೂ ಅಲ್ಲಾಡಿಸದೆ ಪದ್ಯ ಹೇಳಿಕೊಂಡಿದ್ದರು.

ಆ ಪದ್ಯಗಳು ಆ ಮನೆಯವೇ. ಶಾಂಭವಿಯ ತಂದೆಯ ಮುತ್ತಜ್ಜ, ಕೈಮಗ್ಗದ ನೇಕಾರ, ಕಟ್ಟಿದ ಕಾವ್ಯ. ಗಂಡ ಸತ್ತ ನೇಕಾರ ಹೆಂಗಸೊಬ್ಬಳು ನೂಲಿನ ಹೊರೆ ಹೊತ್ತು ಸಂತೆಯಿಂದ ಸಂತೆಗೆ ಅಲೆಯುತ್ತಾಳೆ. ದಾರಿಯಲ್ಲಿ ರಾಮಲಿಂಗ ದೇವರು ಕೂಲಿಯವನ ವೇಷದಲ್ಲಿ ಬಂದು ಅವಳ ಜೊತೆಗೆ ನಡೆಯುತ್ತಾನೆ. ಓಲೆಗಳನ್ನು ಗೆದ್ದಲು ತಿಂದು ಕಾವ್ಯ ಬಾಯಿಗಳಲ್ಲಿ ಉಳಿದಿತ್ತು. ಅಪ್ಪ ಮಗ್ಗದಲ್ಲಿ ಕೂತು ಹೇಳುತ್ತಿದ್ದರು, ಅಮ್ಮ ಲಾಳಿಗೆ ನೂಲು ಸುತ್ತುತ್ತ ದನಿಗೂಡಿಸುತ್ತಿದ್ದರು, ಶಾಂಭವಿ ಕೇಳುತ್ತ ಕೇಳುತ್ತ ನಿದ್ದೆಹೋಗುತ್ತಿದ್ದಳು. ಅಪ್ಪ ಹೋದ ಮೇಲೆ ಅದು ಲೋಕದಲ್ಲಿ ಉಳಿದದ್ದು ಎರಡು ಬಾಯಿಗಳಲ್ಲಿ.

ಶಾಂಭವಿ ಅಳತೆಯ ಕೋಣೆಗೆ ಹೋಗಿ ತಾನೇ ಪಟ್ಟಿ ಕಟ್ಟಿಕೊಂಡು, ಕೈಯನ್ನು ಐಸು ತುಂಬಿದ ಬಕೆಟ್ಟಿಗಿಟ್ಟಳು. ಅಂಕ ಐದಕ್ಕೇರಿತು. ಒಳಗೊಳಗೇ ಪದ್ಯ ಎತ್ತಿದಳು. ನಾಲ್ಕು, ಮೂರು, ಎರಡು. ಕೈ ಮಾತ್ರ ಮೊದಲಿನಷ್ಟೇ ಕೊರೆಯುತ್ತಿತ್ತು, ನಾಡಿ ಮೊದಲಿನ ಹಾಗೇ ಓಡುತ್ತಿತ್ತು. ನೋವು ಬಂದು ಬಾಗಿಲು ಬಡಿಯುತ್ತಲೇ ಇತ್ತು. ಬಾಗಿಲು ತೆಗೆಯಬೇಕಾದವಳು ಪದ್ಯದ ಜೊತೆ ಹೊರಟುಹೋಗಿದ್ದಳು. ಪಟ್ಟಿ ಅಳೆಯುತ್ತಿದ್ದದ್ದು ಬಾಗಿಲು ತೆಗೆಯುವ ಸದ್ದನ್ನು.

ನಿರ್ದೇಶಕಿ ಡಾಕ್ಟರ್ ಜುಬೇದಾ ಎರಡು ಗೆರೆಗಳನ್ನೂ ಬಹಳ ಹೊತ್ತು ನೋಡಿದರು. “ಇಂಥೋರು ಎಷ್ಟು ಜನ ಇರಬಹುದು ಶಾಂಭವಿ?”

“ಜಪ ಮಾಡೋರು, ಬೀಸೋ ಪದ ಹೇಳಿಕೊಳ್ಳೋರು.”

“ತಸ್ಬೀಹ್ ಮಣಿ ಎಣಿಸೋರು.” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಮ್ಮಮ್ಮನಿಗೆ ನಾಲ್ಕು ಬಂದಿತ್ತು. ಕೊನೇವರೆಗೂ ನಾಲ್ಕೇ. ಎಂಥ ಪುಣ್ಯವಂತೆ ಅಂದ್ಕೊಂಡಿದ್ವಿ.”

ಕನ್ನಡಕ ಮತ್ತೆ ಏರಿಸಿಕೊಂಡರು.

“ವರದಿ ಬರೀರಿ. ನಾನೇ ಮೊದಲು ಸಹಿ ಹಾಕ್ತೀನಿ,” ಎಂದರು ಜುಬೇದಾ. “ನಾಡಿಯನ್ನೂ ಜೊತೆಗೆ ಅಳೀಬೇಕು ಅಂತ ತಿದ್ದುಪಡಿ ಕೇಳೋಣ. ಆದ್ರೆ ಸಮಿತಿ ಕೂರಬೇಕು, ಸರಕಾರ ಒಪ್ಪಬೇಕು. ಅಷ್ಟು ಕಾಲ ನಿಮ್ಮ ತಾಯಿಗೆ ಇದೆಯಾ?”

“ಇಲ್ಲ ಮೇಡಂ.”

“ಹಾಗಾದ್ರೆ ಆ ಹತ್ತು ನಿಮಿಷ ಪದ್ಯ ನಿಲ್ಲಿಸೋಕೆ ಹೇಳಿ. ಅದರಲ್ಲಿ ಮೋಸ ಏನೂ ಇಲ್ಲ. ಇರೋ ನೋವು ಇದ್ದ ಹಾಗೆ ಬರತ್ತೆ, ಅಷ್ಟೇ.”

ರೈಲಿನಲ್ಲಿ ಎದುರು ಸೀಟಿನ ಇಬ್ಬರು ವಿಧಾನಸಭೆಯ ಚರ್ಚೆಯನ್ನೇ ಹಿಡಿದುಕೊಂಡಿದ್ದರು. ಮಿಷನ್ನಿಗೆ ಮನುಷ್ಯರ ಕಷ್ಟ ತಿಳಿಯಲ್ಲ ಅಂತ ಒಬ್ಬರು. ಮನುಷ್ಯರಿಗೆ ತಿಳೀತಿತ್ತೇನ್ರಿ ಅಂತ ಇನ್ನೊಬ್ಬರು. ಯಲಹಂಕ ದಾಟುವ ತನಕ ಶಾಂಭವಿ ಇಬ್ಬರ ಮಾತಿಗೂ ಮನಸ್ಸಿನಲ್ಲೇ ಹೌದು ಹೌದು ಎನ್ನುತ್ತಿದ್ದಳು.

ಮನೆಯಲ್ಲಿ ತಾಯಿಯ ಕಾಲಿನ ಹತ್ತಿರ ಕೂತು ಕೇಳಿದಳು. “ಅಮ್ಮ, ಆ ಕುರ್ಚೀಲಿ ಕೂತಾಗ ಒಳಗೊಳಗೇ ಪದ್ಯ ಹೇಳ್ಕೋತೀಯಾ?”

ಗಂಗಾಂಬಿಕಮ್ಮ ಕದ್ದು ಸಿಕ್ಕಿಬಿದ್ದವರ ಹಾಗೆ ನೋಡಿದರು. “ಅದೂ ಕಾಣ್ಸುತ್ತಾ ನಿಮ್ಮ ಮಿಷನ್ನಿಗೆ?”

“ಕಾಣ್ಸುತ್ತೆ.”

“ರಾಗಾನೂ?”

“ರಾಗ ಇಲ್ಲ. ಮಾತ್ರೆಗಳು ಕಾಣ್ಸುತ್ತೆ.”

“ಪರವಾಗಿಲ್ವೇ. ಬುದ್ಧಿವಂತ ಮಿಷನ್ನು. ನಿಮ್ಮಪ್ಪ ಎಷ್ಟೋ ಸಲ ಮಾತ್ರೆ ತಪ್ತಿದ್ರು.” ಅವರ ಮುಖ ಆ ಒಂದು ಗಳಿಗೆ ಅರಳಿ, ಮತ್ತೆ ಬಿಗಿಯಿತು. ಸೊಂಟದಲ್ಲಿ ಏನೋ ಹೊರಳಿರಬೇಕು.

“ಅದನ್ನ ಹತ್ತು ನಿಮಿಷ ನಿಲ್ಲಿಸಬೇಕಮ್ಮ. ಅದರಿಂದಲೇ ಅಂಕ ಬರ್ತಿಲ್ಲ. ಹತ್ತೇ ನಿಮಿಷ ಸುಮ್ನೆ ಕೂತ್ರೆ ಪ್ಯಾಚು ಕೊಡ್ತಾರೆ. ರಾತ್ರಿ ಮಲಗಬಹುದು, ಮಗ್ಗುಲು ಬದಲಾಯಿಸಬಹುದು.”

“ನಾನು ಹೇಳಿದ್ರೆ ತಾನೇ ನಿಲ್ಸೋದು? ಅದೇ ಬರ್ತದೆ ಕಣೇ. ನೋವು ಬರೋಕೂ ಮುಂಚೆ ಬಂದು ಕೂತಿರ್ತದೆ.”

“ಒಂದ್ಸಲ ಪ್ರಯತ್ನ ಮಾಡು. ನನಗೋಸ್ಕರ.”

ಮಾಡಿದರು. ಮಂಚದ ಮೇಲೆ ನೆಟ್ಟಗೆ ಕೂತು, ಮಗಳ ಮುಖವನ್ನೇ ನೋಡುತ್ತ, ಉಸಿರಾಡಿದರು. ಬಾಗಿಲ ಬಳಿ ಪದ್ಮಿನಿ, ಅವಳ ಹಿಂದೆ ಕೆಂಪರಾಜಮ್ಮ.

“ಲೆಕ್ಕ ಹೇಳ್ಕೊಳಿ ಗಂಗಕ್ಕ, ಮಗ್ಗಿ ಹೇಳಿ,” ಎಂದಳು ಪದ್ಮಿನಿ.

“ಮಗ್ಗಿನೂ ಪದ್ಯಾನೇ ಅಲ್ವೇನೇ ಪೆದ್ದಿ? ಯಾರನ್ನಾದ್ರೂ ಬೈಕೊಳ್ಳಿ ಗಂಗಕ್ಕ. ನಮ್ಮತ್ತೇನ ನೆನೆಸ್ಕೊಂಡ್ರೆ ನಂಗೆ ದೇವರ ನಾಮಾನೂ ಮರೆತುಹೋಗ್ತದೆ,” ಎಂದರು ಕೆಂಪರಾಜಮ್ಮ.

ಗಂಗಾಂಬಿಕಮ್ಮ ನಕ್ಕು, ನಗುತ್ತಲೇ ತಲೆ ಆಡಿಸಿದರು. “ಆಗಲೇ ಶುರುವಾಗೋಯ್ತು. ಅವಳು ಹೊರೆ ಎತ್ಕೊಂಡು ಹೊಸ್ತಿಲು ದಾಟಿಬಿಟ್ಳು.”

ಎರಡನೆಯ ಅಳತೆಯಲ್ಲಿ ಮೂರೂವರೆ ಬಂತು. ಸಿಸ್ಟರ್ ಸ್ಟೆಲ್ಲಾ ಶಾಂಭವಿಯನ್ನು ಪಕ್ಕಕ್ಕೆ ಕರೆದು, “ನಂಗೆ ಗೊತ್ತಾಗುತ್ತೆ ಮೇಡಂ. ನಲವತ್ತು ವರ್ಷದ ಹೆಂಗಸರು ಈ ನೋವಿಗೆ ಗೋಡೆಗೆ ತಲೆ ಚಚ್ಕೊಳ್ಳೋದು ನೋಡಿದೀನಿ,” ಎಂದರು. ಅಷ್ಟು ಹೇಳಿ, ಪ್ಯಾಚುಗಳಿದ್ದ ಬೀರುವಿನ ಬೀಗದ ಕಡೆಗೆ ನೋಡಿದರು. ಸಾದಾ ನೋವಿನ ಮಾತ್ರೆಗಳ ಪೊಟ್ಟಣ ಕೊಟ್ಟು ಕಳಿಸಿದರು.

ವಿಧಾನಸಭೆಯಲ್ಲಿ ಕಾನೂನು ಉಳಿಯಿತು. ಬೀದಿಯಲ್ಲಿ ಕೆಂಪರಾಜಮ್ಮ ಸಕ್ಕರೆ ಹಂಚಿದರು. ಶಾಂಭವಿಯ ವರದಿ ಸಮಿತಿಗೆ ಹೋಗಿ ಅಲ್ಲಿ ಕೂತಿತು. ಅವಳು ರಜೆ ಹಾಕಿ ಮನೆಯಲ್ಲಿ ಉಳಿದಳು.

ಆಮೇಲೆ ಗಂಗಾಂಬಿಕಮ್ಮನಿಗೆ ಮರೆವು ಶುರುವಾಯಿತು. ಸವೆಯುವ ಮೂಳೆಯ ಸುಣ್ಣ ರಕ್ತದಲ್ಲಿ ಹೆಚ್ಚಾದರೆ ತಲೆಗೆ ಮಂಕು ಕವಿಯುತ್ತದೆ ಎಂದು ಡಾಕ್ಟರು ಹೇಳಿದರು. ಊಟ ಮಾಡಿದ್ದು ಮರೆತರು. ಪದ್ಮಿನಿಯ ಹೆಸರು ಮರೆತು, “ಎಂಟರ ಹುಡುಗಿ” ಎಂದರು. ಪದ್ಯ ಉಳಿದಿತ್ತು, ಆದರೆ ಇನ್ನು ಒಳಗೆ ನಿಲ್ಲುತ್ತಿರಲಿಲ್ಲ. ಬಾಯಿಬಿಟ್ಟು ಹೇಳಿದರೆ ಮಾತ್ರ ಸಾಗುತ್ತಿತ್ತು. ದಿನವಿಡೀ ಸಣ್ಣ ದನಿಯಲ್ಲಿ ಹೇಳುತ್ತಿದ್ದರು. ಒಂದು ಮಧ್ಯಾಹ್ನ ಶಾಂಭವಿ ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಆ ದನಿ ಒಂದು ಸಾಲಿನ ಮೇಲೆ ಎಡವಿ ನಿಂತಿತು.

ನಿಂತ ಕೂಡಲೇ ಒಂದು ಕೂಗು ಕೇಳಿತು. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಕೇಳದ ಕೂಗು. ಸೌಟು ಕೆಳಗೆ ಹಾಕಿ ಓಡಿದಳು. ಅಮ್ಮನ ಕಣ್ಣು ತೆರೆದಿತ್ತು, ಬೆನ್ನು ಬಿಲ್ಲಿನಂತೆ ಎದ್ದಿತ್ತು.

“ಶಾಂಭೂ, ಮುಂದೇನೇ?”

ಶಾಂಭವಿ ಮುಂದಿನ ಸಾಲು ಹೇಳಿದಳು. ಅಮ್ಮ ಅದನ್ನು ಬಾಯಿಯಿಂದಲೇ ಕಸಿದುಕೊಂಡವರ ಹಾಗೆ ಹಿಡಿದರು, ಬೆನ್ನು ಮೆಲ್ಲಗೆ ಹಾಸಿಗೆಗಿಳಿಯಿತು, ಪದ್ಯ ಹೊರಟಿತು.

ಅದು ದಿನದ ಕೆಲಸವಾಯಿತು. ಬಟ್ಟೆ ಒಗೆಯುವಲ್ಲಿಂದ, ಬಚ್ಚಲಿನಿಂದ, ತಿರುಗಿ ತಿರುಗಿ ಸಾಲು ಎತ್ತಿಕೊಡುವುದು. ಪದ್ಮಿನಿಯೂ ಕಲಿಯುತ್ತೇನೆಂದು ಕೂತು ನಾಲ್ಕು ಪದ್ಯ ಕಲಿತಳು. ಸಾಲು ಕೊಡುವುದು ತುಸು ತಡವಾದರೆ ಸಾಕು, ಅಷ್ಟು ದಿನ ಹೊರಗೆ ಕಾದಿದ್ದದ್ದೆಲ್ಲ ಒಟ್ಟಿಗೆ ನುಗ್ಗುತ್ತಿತ್ತು. ಆ ಕಂಡಿಯಲ್ಲಿ ಅಮ್ಮನ ಮುಖ ನೋಡುವಾಗ ಒಮ್ಮೆ ಶಾಂಭವಿಯ ತಲೆಯಲ್ಲಿ ಒಂದು ಅಂಕ ತಾನಾಗಿ ಮೂಡಿತು. ಏಳು ಇರಬಹುದು ಇದು. ಏಳೂವರೆ. ಹಾಗೆ ಎಣಿಸಿದ್ದಕ್ಕೆ ನಾಚಿ, ದೇವರ ಗೂಡಿನ ಕಡೆ ನೋಡದೆ, ಬೇಗ ಬೇಗ ಸಾಲು ಹೇಳಿಬಿಟ್ಟಳು.

ಮೂರನೆಯ ಅಳತೆಗೆ ಕರೆದುಕೊಂಡು ಹೋದಾಗಲೂ ತಾನು ಏನನ್ನೂ ತೀರ್ಮಾನಿಸಿಲ್ಲವೆಂದೇ ಅವಳು ಅಂದುಕೊಂಡಿದ್ದಳು. ಆಟೋದ ಉದ್ದಕ್ಕೂ ಅಮ್ಮನ ಕಿವಿಯಲ್ಲಿ ಸಾಲು ಹೇಳುತ್ತಲೇ ಹೋದಳು. ಪದ್ಮಿನಿ ಇನ್ನೊಂದು ಪಕ್ಕಕ್ಕೆ ಕೂತು ಗಂಗಕ್ಕನ ಸೊಂಟಕ್ಕೆ ದಿಂಬು ಒತ್ತಿ ಹಿಡಿದಿದ್ದಳು.

ಕುರ್ಚಿಯಲ್ಲಿ ಕೂರಿಸಿ ಸಿಸ್ಟರ್ ಸ್ಟೆಲ್ಲಾ ಪಟ್ಟಿ ಕಟ್ಟಿದರು. ಜೊತೆಯವರು ಒಳಗೆ ನಿಲ್ಲಬಹುದಿತ್ತು, ಮಾತಾಡಲೂಬಹುದಿತ್ತು. ಪರದೆ ರೋಗಿಗೆ ಕಾಣದಂತೆ ಪಕ್ಕಕ್ಕಿತ್ತು. ಗಂಗಾಂಬಿಕಮ್ಮ ಕಣ್ಣು ಮುಚ್ಚಿ ದನಿಯೆತ್ತಿದರು. ಕಾವ್ಯದ ಹೆಂಗಸು ಬಿಸಿಲಲ್ಲಿ ದಾರಿ ಸವೆಸಿ, ಕಾಲು ಒಡೆದು, ಹೊರೆ ಇಳಿಸಲು ಯಾರೂ ಇಲ್ಲದೆ ನಿಂತು ಅಳುವ ಜಾಗ. ಪರದೆಯ ಮೇಲೆ ಮೂರು. ಮೂರು. ಎರಡೂವರೆ.

“ನಗುವ ಮೊಗದಲಿ ಬಂದು ನಿಂದನು
ಮಗಳೆ ಅಳದಿರು ಎಂದು ನುಡಿದನು…”

ದನಿ ನಿಂತಿತು.

“ಎಂದು ನುಡಿದನು…” ಎಂದರು ಮತ್ತೆ. “ನುಡಿದನು…”

ಮೂರನೆಯ ಸಾಲು ಶಾಂಭವಿಯ ಹಲ್ಲಿನ ಹಿಂದೆಯೇ ಇತ್ತು. *ಹೆಗಲ ಮೇಲಣ ನೂಲ ಹೊರೆಯನು ತಾನೆ ಹೊತ್ತನಲಾ.* ಅಪ್ಪ ಆ ಕೊನೆಯ ಅಕ್ಷರವನ್ನು ಉಸಿರಿರುವ ತನಕ ಎಳೆಯುತ್ತಿದ್ದರು, ಮಗ್ಗ ನಿಲ್ಲಿಸಿ. ಅವಳು ಬಾಯಿ ತೆರೆದಳು. ಪರದೆಯಲ್ಲಿ ನಾಲ್ಕು ಹೋಗಿ ಐದಾಗುತ್ತಿತ್ತು. ಬಾಯಿ ಮುಚ್ಚಿದಳು.

ಗಂಗಾಂಬಿಕಮ್ಮನ ಕೈ ಕುರ್ಚಿಯ ತೋಳನ್ನು ಹುಡುಕಿ ಹಿಡಿಯಿತು. ಐದೂವರೆ. ಕೂಗು ಬಂತು. ಹೊರಗಿನ ಬೆಂಚು ಮಾತು ನಿಲ್ಲಿಸಿತು. ಪದ್ಮಿನಿ, “ಅಕ್ಕ, ಹೇಳಿ, ಸಾಲು ಹೇಳಿ,” ಎಂದು ಶಾಂಭವಿಯ ಸೆರಗು ಜಗ್ಗಿದಳು. ಆ ಸಾಲು ಪದ್ಮಿನಿ ಇನ್ನೂ ಕಲಿತಿರಲಿಲ್ಲ. ಸಿಸ್ಟರ್ ಸ್ಟೆಲ್ಲಾ ಪರದೆ ನೋಡಿದರು, ಶಾಂಭವಿಯನ್ನು ನೋಡಿದರು, ಅರ್ಥವಾಗಿ, ಬೀರುವಿನ ಬೀಗದ ಕೈ ಜೇಬಿನಿಂದ ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು.

ಆರು ದಾಟಿತು. ಪರದೆಯ ಮೂಲೆಯಲ್ಲಿ ಒಂದು ನಿಮಿಷದ ಗಡಿಯಾರ ಓಡಲು ಶುರುವಾಯಿತು.

ಗಂಗಾಂಬಿಕಮ್ಮ ಕಣ್ಣು ತೆರೆದರು. ಮಂಕು ಕವಿದ ಕಣ್ಣು ಸ್ವಲ್ಪ ಹೊತ್ತು ಕೋಣೆಯೆಲ್ಲ ತಡಕಾಡಿ, ಮಗಳ ಮುಖ ಸಿಕ್ಕಿದ ಮೇಲೆ ಅಲ್ಲೇ ನಿಂತಿತು. ದಾರಿ ತಪ್ಪಿದವರಿಗೆ ಮನೆಯವರು ಕಂಡ ಹಾಗೆ.

“ಶಾಂಭೂ, ಮುಂದೇನೇ?”

ಶಾಂಭವಿ ತಾಯಿಯ ಕೈ ಹಿಡಿದುಕೊಂಡಳು.

“ನಿಂಗೊತ್ತಲ್ಲೇ. ಮೊದಲ ಮಾತು ಎತ್ಕೊಡು ಸಾಕು, ಮಿಕ್ಕಿದ್ದು ನಾನು ಹೇಳ್ಕೋತೀನಿ. ನೋಯ್ತದೆ ಕಣೇ.”

ಕಾಯಿಲೆ ಬಂದ ಮೇಲೆ ಆ ಮಾತನ್ನು ಅವರು ಆಡಿದ್ದು ಅದೇ ಮೊದಲು.

“ಹೇಳೇ ನನ್ನವ್ವ. ಕೈ ಮುಗೀತೀನಿ.”

“ಹೇಳಲ್ಲಮ್ಮ,” ಅಂದಳು ಶಾಂಭವಿ.